ತಟ್ಟೆ ಪರೀಕ್ಷೆಯಲ್ಲಿ ನಪಾಸು

ಅವನನ್ನು ಮನೆಮಂದಿಯೆಲ್ಲ ಕರೆಯುತ್ತಿದ್ದುದು ನಪಾಸು ಎಂದು. ಶಾಲೆಯಲ್ಲಿ ಅವನು ಒಂದು ಸಲವೂ ಫೇಲಾದವನಲ್ಲ. ಮೋಟರ್ ವೈಂಡಿಂಗ್ ಕೆಲಸದಲ್ಲಂತೂ ಪಳಗಿದ ಕೈ. ಸುಟ್ಟು ಕರಕಲಾಗಿ ಬಂದ ಮೋಟರಿಗೆ ಹೊಸ ತಂತಿ ಸುತ್ತಿ, ವಾರ್ನಿಶ್ ಕುಡಿಸಿ, ಒಣಗಿಸಿ ಕಳಿಸಿದನೆಂದರೆ ಅದು ಮತ್ತೆ ವರ್ಷಗಟ್ಟಲೆ ತುಟಿಪಿಟಕ್ಕೆನ್ನದೆ ತಿರುಗುತ್ತಿತ್ತು. ಆದರೂ ಅವನು ನಪಾಸೇ. ಆ ಮನೆಯಲ್ಲಿ ಬೆಲೆ ಇದ್ದದ್ದು ಒಂದೇ ಒಂದು ಪರೀಕ್ಷೆಗೆ. ಅದರಲ್ಲಿ ಅವನು ಇಪ್ಪತ್ತೊಂದನೇ ವಯಸ್ಸಿನಲ್ಲಿ, ಎಲ್ಲರೂ ಕಣ್ಣು ಬಿಟ್ಟು ನೋಡುತ್ತಿರುವಾಗ, ಒಂದು ಲೋಟ ಬ್ರಾಂದಿ ಕುಡಿದು, ಕಿವಿಯ ತುದಿಯವರೆಗೂ ಕೆಂಪಾಗಿ, ನೀರು ತುಂಬಿದ ಗಾಜಿನ ಲೋಟಗಳನ್ನು ತಟ್ಟೆಯ ಸಮೇತ ಎತ್ತಿ ಹಾಕಿ, ಸೋದರತ್ತೆಯ ಮಡಿಲಲ್ಲೇ ವಾಂತಿ ಮಾಡಿಕೊಂಡಿದ್ದ. ಅತ್ತೆ ಅದೇ ಅವತಾರದಲ್ಲಿ ಗೇಟಿನವರೆಗೆ ಓಡಿ, "ಕೇಳಿಸ್ಕೊಳ್ಳಿ ಎಲ್ಲರೂ! ನಮ್ಮ ಹುಡುಗ ನಪಾಸು! ಇವನಿಗೆ ಯಾರೂ ಒಂದು ಹನಿ ಕೊಡಬೇಡಿ!" ಎಂದು ಇಡೀ ಬೀದಿಗೆ ಸಾರಿಬಿಟ್ಟಿದ್ದರು.

ಇದೆಂಥ ಪರೀಕ್ಷೆ ಮಾರಾಯರೇ ಎಂದು ಕೇಳಿದರೆ, ಅದಕ್ಕೆ ತಾತನಿಂದಲೇ ಶುರುಮಾಡಬೇಕು. ತಾತ ಕುಡಿದು ಸತ್ತವರು. ಅದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. ಕೊನೆಕೊನೆಗೆ ಅವರ ಸ್ಥಿತಿ ಹೇಗಾಗಿತ್ತೆಂದರೆ, ಎರಡು ಗುಟುಕು ಒಳಗೆ ಹೋದರೆ ಸಾಕು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಈ ಅತ್ತೆಯ ಮದುವೆಯ ದಿನ, 'ಬೀಗರಿಗೆ ನಾನೇ ಕೊಡ್ತೀನಿ' ಎಂದು ಹಟ ಹಿಡಿದು ಶರಬತ್ತಿನ ತಟ್ಟೆ ಎತ್ತಿಕೊಂಡು ಹೊರಟವರು, ತೂರಾಡಿ, ತಟ್ಟೆಯ ಜೊತೆಗೇ ಹೋಗಿ ಬೀಗರ ತೊಡೆಯ ಮೇಲೆ ಕೂತರು. ಬೀಗರು ಒದ್ದೆ ಬಟ್ಟೆಯಲ್ಲೇ ಎದ್ದು ಹೊರಟರು. ಕೈಕಾಲು ಹಿಡಿದು ಕೂರಿಸುವಷ್ಟರಲ್ಲಿ ಮನೆಯವರಿಗೆ ಸಾಕುಬೇಕಾಯಿತು.

ಅಂದು ಆ ಅವಮಾನವನ್ನು ನುಂಗಿದವರು ತಾತನ ಹಿರಿಯ ಮಗ, ನಪಾಸುವಿನ ದೊಡ್ಡಪ್ಪ. ವೃತ್ತಿಯಲ್ಲಿ ಡ್ರಾಯಿಂಗ್ ಮಾಸ್ತರು. ಕುಡಿತ ವಂಶದಲ್ಲಿ ಇಳಿದು ಬರುತ್ತದೆ ಎಂದು ಅವರು ಎಲ್ಲೋ ಕೇಳಿದ್ದರು. ಅಲ್ಲಿಯವರೆಗೆ ಅವರದು ತೆಗೆದುಹಾಕುವ ಮಾತೇನಲ್ಲ. ಎಡವಟ್ಟಾದದ್ದು ಮುಂದಿನ ಹೆಜ್ಜೆಯಲ್ಲಿ. ತಾತ ತೂರಾಡಿದ್ದರಲ್ಲವೇ, ಹಾಗಾದರೆ ಯಾರು ಒಂದು ಲೋಟಕ್ಕೆ ತೂರಾಡುತ್ತಾರೋ ಅವರಿಗೆ ತಾತನ ರಕ್ತ. ಯಾರು ಕುಡಿದೂ ನೆಟ್ಟಗೆ ನಿಲ್ಲುತ್ತಾರೋ ಅವರಿಗೆ ಆ ಭಯವಿಲ್ಲ ಎಂದು ಅವರು ತೀರ್ಪು ಕೊಟ್ಟುಬಿಟ್ಟರು. ಹಾಗೆ ಹುಟ್ಟಿತು ತಟ್ಟೆ ಪರೀಕ್ಷೆ. ಅಡುಗೆಮನೆಯ ಬಾಗಿಲಿನಿಂದ ಹಜಾರದ ತನಕ ದೊಡ್ಡಪ್ಪ ಸುಣ್ಣದ ಕಡ್ಡಿಯಲ್ಲಿ ಗೀಟು ಎಳೆಯುವುದು, ಇಪ್ಪತ್ತೊಂದು ತುಂಬಿದ ಹುಡುಗ ಅವರೇ ಬಗ್ಗಿಸಿಕೊಟ್ಟ ಬ್ರಾಂದಿ ಕುಡಿದು, ಕಂಠಮಟ್ಟ ನೀರು ತುಂಬಿದ ಲೋಟಗಳ ತಟ್ಟೆ ಹಿಡಿದು ಆ ಗೀಟಿನ ಮೇಲೆ ನಡೆದು ಬರುವುದು. ಚೆಲ್ಲದಿದ್ದರೆ ಪಾಸು. ಚೆಲ್ಲಿದರೆ ನಪಾಸು.

ಪಾಸಾದವರಿಗೆ ಮಹಡಿಯ ಕಪಾಟಿನ ಬೀಗದ ಕೈ. ಪ್ರತಿ ಸಂಜೆ ಅಲ್ಲಿ ಅವರ ಕೂಟ. ಪಾಸಾದ ಚಿಕ್ಕಪ್ಪನೊಬ್ಬರು ಕೆಲಸ ಕಳೆದುಕೊಂಡರು. ಅವರ ಸಾಹೇಬ ಸರಿಯಿರಲಿಲ್ಲ. ಅವರ ಮಗನೂ ಪಾಸು, ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡ, ರಸ್ತೆ ಸರಿಯಿರಲಿಲ್ಲ. ಇನ್ನೊಬ್ಬನ ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅವಳ ಗುಣ ಸರಿಯಿರಲಿಲ್ಲ. ನಪಾಸುವಿನ ಅಪ್ಪ ಐವತ್ತು ದಾಟುವ ಮೊದಲೇ ಲಿವರ್ ಕೆಟ್ಟು ಹೋಗಿಬಿಟ್ಟರು. ಅದು ತಾನಾಗಿಯೇ ಬಂದ ಕಾಯಿಲೆ. ಇದರಲ್ಲಿ ಕುಡಿತದ ಮಾತು ಎಲ್ಲಿಂದ ಬರಬೇಕು? ಅವರೆಲ್ಲ ಪಾಸಾದವರು.

ಕಾವಲು ಇದ್ದದ್ದು ಕುಡಿಯದವನಿಗೆ. ನಪಾಸು ಹೊರಗಿನಿಂದ ಬಂದರೆ ಅತ್ತೆ ಬಾಗಿಲಲ್ಲೇ ನಿಲ್ಲಿಸಿ, "ಎಲ್ಲಿ, ಒಂದ್ಸಲ ಹಾ ಅನ್ನು" ಎನ್ನುತ್ತಿದ್ದರು. ಅವನಿಗೆ ನಲವತ್ತೈದಾದರೂ ಹಾ ಅನ್ನುವುದು ತಪ್ಪಿರಲಿಲ್ಲ. ಮನೆಯಲ್ಲಿ ಕೆಮ್ಮಿನ ಔಷಧಿಯನ್ನು ಅತ್ತೆ ತಮ್ಮ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಅಂಗಡಿಗೆ ಬಂದು ವಾರ್ನಿಶ್ ಡಬ್ಬಿಯನ್ನೂ ಮೂಸಿ ನೋಡಿ, "ಇದನ್ನೂ ಕುಡೀತಾರಂತೆ ಕಣೋ, ಹುಷಾರು" ಎಂದು ಗಿರಾಕಿಗಳ ಎದುರಿಗೇ ಹೇಳಿ ಹೋದದ್ದುಂಟು. ಅವನಿಗೆ ಹೆಣ್ಣು ನೋಡುವಾಗ ದೊಡ್ಡಪ್ಪ ಹೆಣ್ಣಿನ ಕಡೆಯವರಿಗೆ ಪ್ರಾಮಾಣಿಕವಾಗಿ ಹೇಳಿದ್ದರು: "ಹುಡುಗ ಕುಡಿಯಲ್ಲ. ಆದ್ರೆ ಕುಡುಕ."

ಅವನ ಅಣ್ಣನ ಕಥೆ ಬೇರೆ. ಅಣ್ಣ ಪರೀಕ್ಷೆಯ ದಿನ ಒಂದು ಲೋಟ ಕುಡಿದು, ದೊಡ್ಡಪ್ಪನ ಅನುಮತಿ ಕೇಳಿ ಇನ್ನೊಂದನ್ನೂ ಕುಡಿದು, ತಟ್ಟೆ ಹಿಡಿದು ಹೋಗಿ ಬಂದು, ಮತ್ತೆ ಹಿಮ್ಮುಖವಾಗಿಯೂ ನಡೆದು ತೋರಿಸಿದ್ದ. ಒಂದು ತೊಟ್ಟು ಚೆಲ್ಲಿರಲಿಲ್ಲ. ಅಂದಿನಿಂದ ಅವನ ಹೆಸರು ಕಂಬ. "ನಮ್ಮ ಕಂಬನಿಗೆ ಎಷ್ಟು ಹಾಕಿದ್ರೂ ಏರಲ್ಲ" ಎಂದು ದೊಡ್ಡಪ್ಪ ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಏರುವುದಿಲ್ಲವೆಂದೇ ಅವನು ಮೊದಲು ಸಂಜೆ ಕುಡಿಯುತ್ತಿದ್ದ, ಆಮೇಲೆ ಮಧ್ಯಾಹ್ನ, ಆಮೇಲೆ ಹಲ್ಲುಜ್ಜುವ ಮೊದಲು. ಕಂಬವೇ ಅಲ್ಲವೇ, ಯಾರು ಅಳ್ಳಾಡಿಸಿ ನೋಡುತ್ತಾರೆ!

ಆ ಕಂಬ ಹೋದ ತಿಂಗಳು ಬಚ್ಚಲಲ್ಲಿ ಉರುಳಿತು.

ಆಸ್ಪತ್ರೆಯ ವಾರ್ಡಿನಲ್ಲಿ ಕಂಬ ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ ಮಲಗಿದ್ದ. ಕೈಕಾಲು ಮಾತ್ರ ಕಡ್ಡಿ. ಸುತ್ತಲೂ ದೊಡ್ಡಪ್ಪ, ಅತ್ತೆ, ಪಾಸಾದ ನೆಂಟರು, ಹಿಂದೆ ಗೋಡೆಗೊರಗಿ ನಪಾಸು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಚುರುಕು. "ಶುರುವಿನಲ್ಲಿ ಇವರಿಗೆ ಎಷ್ಟು ಕುಡಿದ್ರೆ ಏರ್ತಿತ್ತು?" ಎಂದು ಕೇಳಿದರು.

"ಏರೋದೇ?" ದೊಡ್ಡಪ್ಪ ಎದೆ ಉಬ್ಬಿಸಿದರು. "ಡಾಕ್ಟ್ರೇ, ಇವನು ಫಸ್ಟ್ ಕ್ಲಾಸಲ್ಲಿ ಪಾಸಾದವನು."

"ಯಾವುದರಲ್ಲಿ ಪಾಸು?"

ದೊಡ್ಡಪ್ಪ ಗೀಟಿನಿಂದ ಹಿಡಿದು ತಟ್ಟೆಯವರೆಗೆ ಎಲ್ಲವನ್ನೂ ಸವಿವರವಾಗಿ ಹೇಳಿದರು. ಹೊಗಳಿಕೆ ಬರುತ್ತದೆಂದು ಕಾದರು. ಡಾಕ್ಟರಮ್ಮ ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಜೇಬಿಗೆ ಸಿಕ್ಕಿಸಿಕೊಂಡರು.

"ಅಜ್ಜಾರೇ, ನಿಮ್ಮ ಪರೀಕ್ಷೆ ಪೂರ್ತಿ ತಲೆಕೆಳಗಾಗಿದೆ. ವಂಶದಲ್ಲಿ ಕುಡಿತವೇ ಇಳಿದು ಬರಲ್ಲ. ಕುಡಿದಾಗ ಮೈ ಏನು ಹೇಳುತ್ತೆ ಅನ್ನೋದು ಬರುತ್ತೆ. ಕೆಲವರ ಮೈ ಒಂದೇ ಲೋಟಕ್ಕೆ ಸಾಕು ಅನ್ನುತ್ತೆ. ತಲೆ ಸುತ್ತುತ್ತೆ, ವಾಂತಿಯಾಗುತ್ತೆ, ಮುಖ ಕೆಂಪಾಗುತ್ತೆ. ಅವರು ಕುಡುಕರಾಗೋದು ಕಡಿಮೆ. ಕೆಲವರ ಮೈ ಸಾಕು ಅನ್ನೋದೇ ಇಲ್ಲ. ಏನೂ ಆಗಲ್ಲ, ಏನೂ ಆಗಲ್ಲ ಅಂತ ಕುಡೀತಾ ಹೋಗ್ತಾರೆ. ಅವರಿಗೇ ಅಪಾಯ ಜಾಸ್ತಿ."

"ಅಂದ್ರೆ ಪಾಸಾದವ್ರೆಲ್ಲ ಕುಡುಕರಾಗ್ತಾರೆ ಅಂತಲೋ?" ಎಂದರು ಅತ್ತೆ, ಮೂಗು ಮುರಿದು.

"ಹಾಗೂ ಅಲ್ಲಮ್ಮ. ಅದು ಹಣೆಬರಹ ಅಲ್ಲ. ಅರ್ಧ ಹುಟ್ಟಿನಿಂದ ಬಂದದ್ದು ಅಂತಿಟ್ಕೊಳ್ಳಿ, ಇನ್ನರ್ಧ ಮನೆ, ಸ್ನೇಹಿತರು, ಕೈಗೆ ಸಿಗೋದು. ಆದ್ರೆ ನೀವು ಇಳಿಜಾರಲ್ಲಿ ನಿಂತಿರೋರನ್ನೇ ಆರಿಸಿ ಆರಿಸಿ ಕೈಗೆ ಬೀಗದ ಕೈ ಕೊಟ್ಟಿದ್ದೀರಿ. ನಿಮ್ಮಲ್ಲಿ ನಪಾಸಾದವರು ಯಾರಾದ್ರೂ ಇದ್ದಾರಾ?"

ಅಷ್ಟೂ ಜನರ ಬೆರಳು ಒಟ್ಟಿಗೆ ಗೋಡೆಯ ಕಡೆ ತಿರುಗಿತು. ಡಾಕ್ಟರಮ್ಮ ನಪಾಸುವನ್ನು ನೋಡಿ ನಕ್ಕರು. "ನೀವು ಪುಣ್ಯ ಮಾಡಿದ್ರಿ ಕಣ್ರೀ" ಎಂದರು. ನಪಾಸುವಿನ ಆ ಹಾಳು ವಾಂತಿಯ ಬಗ್ಗೆ ಒಬ್ಬರಾದರೂ ಒಳ್ಳೆಯ ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ಆದರೆ ಸಂತೋಷ ಬಾಗಿಲು ದಾಟುವ ಮೊದಲೇ ಇನ್ನೊಂದು ಯೋಚನೆ ಬಂದು ಅವನ ಎದೆ ಧಸಕ್ಕೆಂದಿತು. "ಡಾಕ್ಟ್ರೇ, ನನ್ನ ಮಗಳಿಗೆ ನನ್ನ ಹೊಟ್ಟೆ ಬಂದಿರುತ್ತೋ, ಅಣ್ಣಂದೋ?"

"ಮುಖ ನೋಡಿ ಹೇಳೋಕಾಗಲ್ಲ. ಎರಡೂ ಇರಬಹುದು. ಕುಡಿಸಿ ನೋಡಬೇಡಿ, ಅಷ್ಟೇ ನಾನು ಹೇಳೋದು."

ಕುಡಿಸಿ ನೋಡುವುದು ಮುಂದಿನ ಭಾನುವಾರಕ್ಕೆ ನಿಗದಿಯಾಗಿತ್ತು. ಮಗಳಿಗೆ ಇಪ್ಪತ್ತೊಂದು ತುಂಬಿತ್ತು. ಮೊದಲೆಲ್ಲ ಗಂಡುಮಕ್ಕಳಿಗೆ ಮಾತ್ರ ಇದ್ದ ಪರೀಕ್ಷೆಯನ್ನು ದೊಡ್ಡಪ್ಪ ಈಗ, ಕಾಲ ಬದಲಾಗಿದೆ ಎಂದು, ಹೆಣ್ಣುಮಕ್ಕಳಿಗೂ ತೆರೆದಿದ್ದರು. ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಸಮಾನತೆ ಬಂದದ್ದು ಅದೊಂದರಲ್ಲೇ.

ಎಲ್ಲರೂ ಹೋದ ಮೇಲೆ ನಪಾಸು ಅಣ್ಣನ ಮಂಚದ ತುದಿಯಲ್ಲಿ ಕೂತ.

"ಆವತ್ತು ತಟ್ಟೆ ಹಿಡ್ಕೊಂಡು ನಡೆದ್ನಲ್ಲ," ಎಂದ ಕಂಬ, "ಏನನ್ನಿಸ್ತು ಗೊತ್ತೇನೋ? ಏನೂ ಅನ್ನಿಸ್ಲಿಲ್ಲ. ಇನ್ನೊಂದು ಲೋಟ ಬೇಕು ಅಂತ ಮಾತ್ರ ಅನ್ನಿಸ್ತು. ಚೆಲ್ತಾ, ಇಲ್ವಾ ಅಂತ ಎಲ್ಲಾ ನೋಡಿದ್ರು. ಇದನ್ನ ಯಾರೂ ಕೇಳ್ಲಿಲ್ಲ."

"ನೀನಾದ್ರೂ ಹೇಳ್ಬೇಕಿತ್ತಲ್ಲ ಅಣ್ಣ."

"ಪಾಸಾಗಿದ್ನಲ್ಲೋ. ಯಾಕೆ ಹೇಳ್ಲಿ?" ಎಂದು ಕಂಬ ಗೋಡೆಯ ಕಡೆ ಮಗ್ಗುಲಾದ.

ನಪಾಸು ಮನೆಗೆ ಬಂದವನೇ ನೇರ ಅಜ್ಜಿಯ ಕೋಣೆಗೆ ಹೋದ. ಅಜ್ಜಿಗೆ ತೊಂಬತ್ತರ ಹತ್ತಿರ; ಹಲ್ಲಿಲ್ಲ, ನಾಲಿಗೆ ಮಾತ್ರ ಹಾಗೇ ಇತ್ತು. ತಾತನನ್ನು ಎಲ್ಲರಿಗಿಂತ ಹೆಚ್ಚು ಕಂಡವಳು ಅವಳೇ. ಆದರೂ ತಟ್ಟೆ ಪರೀಕ್ಷೆಯ ಬಗ್ಗೆ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಗಂಡಸರು ಕೂತು ಯೋಚಿಸಿ ಕಂಡುಹಿಡಿದ ವಿಷಯ, ಮುದುಕಿಯನ್ನು ಏನು ಕೇಳುವುದು!

"ಅಜ್ಜಿ, ತಾತ ವಯಸ್ಸಲ್ಲಿದ್ದಾಗಲೂ ಹೀಗೇ ಎರಡು ಗುಟುಕಿಗೆ ಬೀಳ್ತಿದ್ರಾ?"

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ನಿಮ್ಮ ತಾತನಾ? ಬೀಳೋದಾ? ಊರಿನ ಗಂಡಸರೆಲ್ಲ ಮಕಾಡೆ ಮಲಗಿದ್ರೂ ಅವರೊಬ್ರು ನೆಟ್ಟಗೆ ಕೂತಿರ್ತಿದ್ರು. ಎಲ್ಲರನ್ನೂ ಹೆಗಲಿಗೆ ಹಾಕ್ಕೊಂಡು ಅವರವರ ಮನೆಗೆ ಬಿಟ್ಟು ಬರ್ತಿದ್ದೋರು ಅವರೇ. ಏನು ಗಟ್ಟಿ ಗಂಡ ಸಿಕ್ಕಿದಾನಪ್ಪ ಅಂತ ನಾನೂ ಹೆಮ್ಮೆ ಪಟ್ಟಿದ್ದೆ, ಮುಂಡೇದು. ಬೀಳೋಕೆ ಶುರುವಾಗಿದ್ದು ಒಳಗೆಲ್ಲ ಕೊಳೆತ ಮೇಲೆ."

ಇನ್ನೇನು ಬೇಕು? ನಪಾಸು ಅಂದೇ ಸಂಜೆ ಮಹಡಿ ಹತ್ತಿದ. ದೊಡ್ಡಪ್ಪನ ಮುಂದೆ ಡಾಕ್ಟರ ಮಾತು ಹೇಳಿದ, ಅಜ್ಜಿಯ ಮಾತು ಹೇಳಿದ, ಜಪ್ಪಯ್ಯ ಅಂದರೂ ಅವರು ಜಗ್ಗದಿದ್ದಾಗ ತನಗೆ ಗೊತ್ತಿದ್ದ ವಿಷಯಕ್ಕೇ ಬಂದ. "ದೊಡ್ಡಪ್ಪ, ನನ್ನ ಅಂಗಡಿಗೆ ಸುಟ್ಟ ಮೋಟರ್ ಬರುತ್ತಲ್ಲ, ಫ್ಯೂಸ್ ಏನಾಗಿತ್ತು ಅಂತ ಕೇಳ್ತೀನಿ. ಪದೇಪದೇ ಹಾರ್ತಿತ್ತು, ಅದಕ್ಕೆ ದಪ್ಪ ತಂತಿ ಸುತ್ತಿಬಿಟ್ವಿ, ಆಮೇಲೆ ಹಾರ್ಲೇ ಇಲ್ಲ ಅಂತಾರೆ. ಹಾರೋ ಫ್ಯೂಸೇ ಮೋಟರನ್ನ ಉಳಿಸೋದು. ನೀವು ಹಾರೋರನ್ನ ನಪಾಸು ಮಾಡಿ, ದಪ್ಪ ತಂತಿಗೆ ಬಹುಮಾನ ಕೊಡ್ತಿದ್ದೀರಿ."

"ನನ್ನ ಮನೆತನ ಏನು ನಿನ್ನ ಕಣ್ಣಿಗೆ ಪಂಪ್‌ಸೆಟ್ ಥರ ಕಾಣಿಸ್ತೇನೋ?" ಎಂದರು ದೊಡ್ಡಪ್ಪ. "ನಪಾಸಾದೋರಿಗೆ ಪರೀಕ್ಷೆ ಮೇಲೆ ಕೋಪ ಇರೋದು ಸಹಜ. ಮೂವತ್ತು ವರ್ಷ ಮಕ್ಕಳಿಗೆ ಮಾರ್ಕ್ಸ್ ಹಾಕಿದೋನು ನಾನು. ನಿಮ್ಮಜ್ಜಿಗೆ ಅರಳುಮರಳು. ಡಾಕ್ಟ್ರಿಗೆ ಅನುಭವ ಸಾಲ್ದು."

"ಅಣ್ಣನ ಸ್ಥಿತಿ?"

"ಅದು ಬಚ್ಚಲು ಜಾರಿದ್ದು" ಎಂದರು ದೊಡ್ಡಪ್ಪ. ಸುತ್ತ ಕೂತಿದ್ದ ಪಾಸಾದವರು, ಹೌದು ಹೌದು, ಆ ಬಚ್ಚಲು ಮೊದಲಿಂದಲೂ ಸರಿಯಿಲ್ಲ ಎಂದು ತಲೆದೂಗಿ ಲೋಟ ಎತ್ತಿದರು.

ಮಗಳನ್ನು ಪರೀಕ್ಷೆಗೆ ಕಳಿಸದೇ ಇದ್ದರಾಯಿತಲ್ಲ ಎಂದು ನೀವು ಹೇಳಬಹುದು. ಅವನೂ ಯೋಚಿಸಿ ನೋಡಿದ. ಒಂದೇ ಕಾಂಪೌಂಡಿನಲ್ಲಿ ಇಡೀ ಬಳಗ. ಪರೀಕ್ಷೆಗೆ ಬರದಿದ್ದರೆ ಹೆದರಿದಳು ಎಂದು ಕೆಣಕಿ, ತಾರಸಿಗೆ ಕರೆದುಕೊಂಡು ಹೋಗಿ ಅಣ್ಣತಮ್ಮಂದಿರೇ ಕುಡಿಸಿ ನೋಡುತ್ತಾರೆ. ಪಾಸಾದಳೋ, ಮುಗಿದೇ ಹೋಯಿತು. ಹುಟ್ಟುಹಬ್ಬಕ್ಕೆ ಒಂದು ಲೋಟ, ಕೆಲಸ ಸಿಕ್ಕರೆ ಒಂದು ಲೋಟ, ಬೇಜಾರಾದರೆ ಎರಡು. ಆ ಮನೆಯಲ್ಲಿ ಲೋಟ ಹತ್ತಿರ ಸುಳಿಯದೆ ಬದುಕಿದವನು ಒಬ್ಬನೇ, ಅವನು. ಅವನನ್ನು ಕಾಪಾಡಿದ್ದು ಅವನ ಹೊಟ್ಟೆ ಒಂದೇ ಅಲ್ಲ, ಅತ್ತೆಯ ಮೂಗೂ ಹೌದು. ಈ ಸತ್ಯ ಹೊಳೆದಾಗ ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗಳು ನಪಾಸಾಗಲೇಬೇಕು. ಬೇರೆ ದಾರಿಯೇ ಇರಲಿಲ್ಲ.

ಮಗಳು ಅವನ ಅಂಗಡಿಯಲ್ಲೇ ಕೆಲಸ ಕಲಿತವಳು. ಕಾಯಿಲ್ ಸುತ್ತಲು ಕೂತರೆ ಪಕ್ಕದಲ್ಲಿ ಪಟಾಕಿ ಹಚ್ಚಿದರೂ ಸುತ್ತಿನ ಲೆಕ್ಕ ತಪ್ಪುತ್ತಿರಲಿಲ್ಲ. ಮರುದಿನ ಅವಳು ಮೋಟರಿನ ಒಳಗಿನ ಸ್ಟೇಟರಿನ ಸೀಳುಗಳಲ್ಲಿ ಕಾಗದ ಕೂರಿಸುತ್ತಿದ್ದಾಗ ಅವನು ಮೆಲ್ಲಗೆ ವಿಷಯ ತೆಗೆದ. ಅವಳು ಕೈ ನಿಲ್ಲಿಸಿದಳು.

"ಏನಪ್ಪ ನೀನು! ನಾನು ಪಾಸಾಗಿ ತೋರಿಸ್ಬೇಕು ಅಂತ ಇದ್ದೀನಿ. ಚಿಕ್ಕೋಳಿದ್ದಾಗಿಂದ ನಪಾಸು ಮಗಳು, ನಪಾಸು ಮಗಳು ಅಂತ ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ತಟ್ಟೆ ಹಿಡಿದು ನಡೆದ್ರೆ ಅತ್ತೆಯಜ್ಜಿ ಬಾಯಿ ಮುಚ್ಚಿಸ್ಬಹುದು."

ನಿನಗೋಸ್ಕರ ಎಂದು ಅವಳು ಹೇಳಲಿಲ್ಲ, ಆದರೆ ಅವನಿಗೆ ಕೇಳಿಸಿದ್ದು ಅದೇ. ಅವನ ಕಣ್ಣು ತುಂಬಿತು. ಅವನು ಡಾಕ್ಟರ ಮಾತು ಹೇಳಿದ, ಅಜ್ಜಿಯ ಮಾತು ಹೇಳಿದ. ಕಂಬ ಆಸ್ಪತ್ರೆಯಲ್ಲಿ ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಅಣ್ಣ ತನ್ನೊಬ್ಬನಿಗೆ ಹೇಳಿದ ಮಾತು ಅದು. ಕೊನೆಗೆ ಫ್ಯೂಸಿನ ಮಾತಿಗೆ ಬಂದಾಗ, ದೊಡ್ಡಪ್ಪನಿಗೆ ಅರ್ಥವಾಗದ್ದು ಮಗಳಿಗೆ ತಟ್ಟನೆ ಅರ್ಥವಾಯಿತು. ಸುಟ್ಟ ಮೋಟರುಗಳ ಕಮಟು ವಾಸನೆಯಲ್ಲೇ ಬೆಳೆದವಳು.

"ಹಂಗಾದ್ರೆ ಬೀಳ್ಬೇಕು ಅಂತೀಯಾ?"

"ಬೀಳ್ಬೇಕು ಕಂದ. ಚೆನ್ನಾಗಿ ಬೀಳ್ಬೇಕು. ನಿನಗೆ ನನ್ನ ಹೊಟ್ಟೇನೇ ಬಂದಿದ್ರೆ ಕಷ್ಟಾನೇ ಇಲ್ಲ, ತಾನಾಗೇ ಬೀಳ್ತೀಯ. ಎಲ್ಲಾದ್ರೂ ಬರ್ಲಿಲ್ಲ ಅಂದ್ರೆ, ಕಲಿತಿರ್ಬೇಕು."

ಹೀಗೆ ಆ ವಾರವೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಪ್ಪ ಮಗಳಿಗೆ ತೂರಾಡುವುದನ್ನು ಕಲಿಸಿದ. ಜಗತ್ತಿನಲ್ಲಿ ಯಾವ ಅಪ್ಪನೂ ಮಗಳು ಫೇಲಾಗಲೆಂದು ಇಷ್ಟು ಕಷ್ಟಪಟ್ಟಿರಲಾರ. ತಾಮ್ರದ ತಂತಿಯ ಚೂರುಗಳನ್ನು ಗುಡಿಸಿ, ಖಾಲಿ ಡಬ್ಬಿಗಳನ್ನು ತಟ್ಟೆಯ ಮೇಲಿಟ್ಟು, "ಹೆಗಲು ಸಡಿಲ ಬಿಡು. ಕಾಲು ಒಂದು ಕಡೆ ಹೋಗ್ಬೇಕು, ಮನಸ್ಸು ಇನ್ನೊಂದು ಕಡೆ. ಅಷ್ಟೊಂದು ಕುಣೀಬೇಡ, ನಾಟಕ ಅನ್ಸುತ್ತೆ" ಎಂದು ತಿದ್ದುವನು. ತಾನೇ ಬಿದ್ದು ತೋರಿಸುವನು. ಒಮ್ಮೆ ಅವನು ಹಾಗೆ ಬಿದ್ದಿದ್ದಾಗಲೇ ಅತ್ತೆ ಬಾಗಿಲಲ್ಲಿ ಪ್ರತ್ಯಕ್ಷರಾದರು. "ಅಯ್ಯಯ್ಯೋ, ವಾರ್ನಿಶ್ ಕುಡಿದ!" ಎಂದು ಎದೆ ಬಡಿದುಕೊಂಡು, ಹಾ ಅನ್ನಿಸಿ, ಮೂಸಿ, ಏನೂ ಸಿಗದೆ ಸಪ್ಪೆ ಮುಖ ಹಾಕಿಕೊಂಡು ಹೋದರು.

ಭಾನುವಾರ ಬೆಳಗ್ಗೆ ಹಜಾರದ ತುಂಬ ಜನ. ದೊಡ್ಡಪ್ಪ ಮೊಣಕಾಲೂರಿ ಗೀಟು ಎಳೆದರು. ವಯಸ್ಸಾದರೂ ಗೀಟು ಒಂದಿಷ್ಟೂ ಸೊಟ್ಟಗಿರಲಿಲ್ಲ. ಎರಡು ದಿನದ ಹಿಂದೆ ಆಸ್ಪತ್ರೆಯಿಂದ ಬಂದಿದ್ದ ಕಂಬನನ್ನು ದಿಂಬುಗಳ ಆಸರೆ ಕೊಟ್ಟು ಗೀಟಿನ ಆ ತುದಿಯಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಹೊಸಬರಿಗೆ ಮಾದರಿ ಬೇಕಲ್ಲ! ಅವನ ಕಾಲುಗಳು ಊದಿ ಚಪ್ಪಲಿ ಹಿಡಿಸದೆ ಬರಿಗಾಲಲ್ಲಿದ್ದವು. ಯಾರೂ ಅದನ್ನು ನೋಡಲಿಲ್ಲ, ನೋಡಿದವರು ಮಾತಾಡಲಿಲ್ಲ.

"ಇವತ್ತು ನಮ್ಮ ಮನೆತನಕ್ಕೆ ದೊಡ್ಡ ದಿನ" ಎಂದರು ದೊಡ್ಡಪ್ಪ. "ಮೊದಲ್ನೇ ಸಲ ಒಬ್ಬ ಹೆಣ್ಣುಮಗಳು ಪರೀಕ್ಷೆಗೆ ನಿಂತಿದ್ದಾಳೆ. ಅಪ್ಪನ ಕಳಂಕ ತೊಳೀಲಿ ಅಂತ ಹಾರೈಸೋಣ." ಚಪ್ಪಾಳೆ ಬಿತ್ತು.

ನಪಾಸುವಿಗೆ ಒಂದು ಆಸೆ ಇತ್ತು, ಬ್ರಾಂದಿಯ ಬದಲು ಬಣ್ಣದ ನೀರು ಇಟ್ಟುಬಿಡೋಣ ಎಂದು. ಆದರೆ ಬಾಟಲಿ ದೊಡ್ಡಪ್ಪನ ಕಂಕುಳು ಬಿಟ್ಟು ಕದಲಲಿಲ್ಲ. ಅವರೇ ಬಗ್ಗಿಸಿದರು, ಧಾರಾಳವಾಗಿ. ಮಗಳು ಒಂದೇ ಉಸಿರಿಗೆ ಕುಡಿದಳು. ಅವನು ಅವಳ ಕಿವಿಗಳನ್ನೇ ನೋಡಿದ. ಕೆಂಪಾಗಲಿ, ಭಗವಂತಾ, ಕೆಂಪಾಗಲಿ ಎಂದುಕೊಂಡ. ಅವಳು ಕೂದಲು ಬಿಟ್ಟುಕೊಂಡಿದ್ದಳು, ಕಿವಿ ಕಾಣಲಿಲ್ಲ.

ಅವಳು ತಟ್ಟೆ ಎತ್ತಿದಳು. ಒಂದು ಹೆಜ್ಜೆ ಇಟ್ಟಳು, ಇನ್ನೊಂದು. ನೀರು ಅಲುಗಲಿಲ್ಲ. ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ, ಕಾಲಡಿಯಲ್ಲಿ ಗೀಟು. ಕಾಲು ಭಾಗ ಆಯಿತು, ಅರ್ಧ ಆಯಿತು. "ಕಂಬ!" ಎಂದರು ಯಾರೋ. "ಇನ್ನೊಂದು ಕಂಬ!" ಎಂದರು ಇನ್ಯಾರೋ. ಚಿಕ್ಕಪ್ಪ ಸಿಳ್ಳೆ ಹಾಕಿದರು. ಮಗಳ ಮುಖದಲ್ಲಿ ಸಣ್ಣ ನಗು ಅರಳಿತು, ಅದು ಅವರಿಬ್ಬರೂ ಅಭ್ಯಾಸ ಮಾಡಿದ್ದ ನಗುವಲ್ಲ. ಬೀಳೇ ತಾಯಿ, ಬಿದ್ದುಬಿಡೇ ಎಂದು ನಪಾಸು ತುಟಿಯಲ್ಲೇ ಗೊಣಗುತ್ತಿದ್ದ. ಅವಳಿಗೆ ಕೇಳಿಸುವಂತಿರಲಿಲ್ಲ. ಕೈಯಳವಿನಲ್ಲಿದ್ದ ಮಗಳು ಅವನ ಕೈ ಮೀರಿ ಹೋಗುತ್ತಿದ್ದಳು, ಅವನು ನೋಡುತ್ತಾ ಕೂರಬೇಕಾಗಿತ್ತು.

ಗೀಟಿನ ತುದಿಗೆ ಇನ್ನೇನು ಬಂದಳು ಅನ್ನುವಷ್ಟರಲ್ಲಿ ಅವಳು ತಲೆ ಎತ್ತಿದಳು. ಎದುರಿಗೆ ಕಂಬ. ಅವನ ಕಣ್ಣು ಅವಳ ಮೇಲಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ದೊಡ್ಡಪ್ಪನ ಕಂಕುಳಲ್ಲಿದ್ದ ಬಾಟಲಿಯ ಮೇಲಿತ್ತು. ಮಗಳ ನಗು ಆರಿಹೋಯಿತು. ಹೆಗಲು ಸಡಿಲವಾಯಿತು. ಮೊಣಕಾಲು ಮಡಿಚಿತು, ತಟ್ಟೆ ವಾಲಿತು, ಅಷ್ಟೂ ಲೋಟಗಳು ಅವಳ ಸಮೇತ ಹೋಗಿ ದೊಡ್ಡಪ್ಪನ ತೊಡೆಯ ಮೇಲೆ ಬಿದ್ದವು. ಬಾಟಲಿ ನೆಲಕ್ಕುರುಳಿ ಚೂರಾಯಿತು.

ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಥೇಟ್ ಇವಳ ಮದುವೇಲಿ ಆದ ಹಾಗೇ ಆಯ್ತು!" ಎಂದು ಅತ್ತೆಯ ಕಡೆ ಕೈ ತೋರಿಸಿ ಕೇಕೆ ಹಾಕಿ ನಕ್ಕಳು.

"ನಪಾಸು" ಎಂದರು ದೊಡ್ಡಪ್ಪ, ಒದ್ದೆ ಬಟ್ಟೆಯಲ್ಲಿ ಎದ್ದು ನಿಂತು. ಅವರ ದನಿಯಲ್ಲಿ ನಿಜವಾದ ದುಃಖವಿತ್ತು. "ಅಪ್ಪನ ರಕ್ತ ಎಲ್ಲಿಗೆ ಹೋಗುತ್ತೆ!"

ಎಲ್ಲರೂ ಬಂದು ನಪಾಸುವಿನ ಬೆನ್ನು ತಟ್ಟಿ, ಏನು ಮಾಡೋಕಾಗುತ್ತೆ, ಧೈರ್ಯ ತಗೋ ಎಂದು ಸಮಾಧಾನ ಹೇಳತೊಡಗಿದರು. ಅವನು ತಲೆ ತಗ್ಗಿಸಿ, ತುಟಿ ಕಚ್ಚಿ, ಉಕ್ಕುತ್ತಿದ್ದ ಸಂತೋಷವನ್ನು ಹೇಗೋ ತಡೆದುಕೊಂಡ. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಆ ಬೀಳುವಿಕೆಯಲ್ಲಿ ನಾಟಕ ಎಳ್ಳಷ್ಟೂ ಕಾಣಿಸಿರಲಿಲ್ಲ. ಅವಳು ನಿಜಕ್ಕೂ ಬಿದ್ದಳು; ನನ್ನ ಹೊಟ್ಟೆಯೇ ಬಂದಿದೆ ನನ್ನ ಮಗಳಿಗೆ ಎಂದು ಅವನ ಜೀವ ಹಾಡುತ್ತಿತ್ತು.

ಗಾಳಿಗೆ ಓಡಾಡಿಸುತ್ತೇನೆ ಎಂದು ನೆಪ ಹೇಳಿ ಅವನು ಅವಳನ್ನು ಹೊರಗೆ ಕರೆತಂದ. ಬಿಸಿಲು ಚೆನ್ನಾಗಿತ್ತು. ಅಂಗಡಿಗಳು ತೆರೆದಿದ್ದವು, ಸೈಕಲ್ ರಿಪೇರಿಯವನು ಟ್ಯೂಬನ್ನು ನೀರಲ್ಲಿ ಅದ್ದಿ ತೂತು ಹುಡುಕುತ್ತಿದ್ದ. ಗೇಟಿನಿಂದ ಸ್ವಲ್ಪ ದೂರ ಬಂದ ಮೇಲೆ ನಪಾಸು ತಡೆಯಲಾರದೆ ಕೇಳಿದ.

"ಭಲೇ ಮಗಳೇ! ಅರ್ಧ ದಾರೀಲಿ ನನ್ನ ಜೀವ ಬಾಯಿಗೆ ತರಿಸಿಬಿಟ್ಟೆ. ಕೊನೇಲಿ ನಿಜವಾಗ್ಲೂ ತಲೆ ಸುತ್ತಿತು, ಅಲ್ವಾ? ಹೊಟ್ಟೆ ತೊಳಸ್ತಾ ಇದೆಯಾ?"

ಮಗಳು ನೆಟ್ಟಗೆ ನಡೆಯುತ್ತಿದ್ದಳು.

"ಇಲ್ಲಪ್ಪ" ಎಂದಳು. "ಏನೂ ಆಗ್ಲಿಲ್ಲ. ನೀರು ಕುಡಿದ ಹಾಗಿತ್ತು, ಸ್ವಲ್ಪ ಬೆಚ್ಚಗೆ. ಎಲ್ರೂ ಕಂಬ ಕಂಬ ಅಂತಿದ್ರಲ್ಲ, ಖುಷಿಯಾಗ್ತಿತ್ತು. ಬೀಳೋದೇ ಮರೆತೋಗಿತ್ತು. ಆಮೇಲೆ ಕಂಬ ದೊಡ್ಡಪ್ಪ ಆ ಬಾಟಲಿ ನೋಡ್ತಿದ್ದಿದ್ದು ಕಾಣಿಸ್ತು. ನಾನೂ ಅದನ್ನೇ ನೋಡ್ತಿದ್ದೆ ಅಂತ ಆವಾಗ ಗೊತ್ತಾಯ್ತು."

ಅವನು ನಿಂತುಬಿಟ್ಟ.

"ಇನ್ನೊಂದು ಲೋಟ ಬೇಕು ಅನ್ನಿಸ್ತಪ್ಪ" ಎಂದಳು ಅವಳು, ದನಿ ತಗ್ಗಿಸಿ. "ಈಗ್ಲೂ ಅನ್ನಿಸ್ತಿದೆ. ನಿನಗೆ ಹೇಳ್ಬೇಕು ಅನ್ನಿಸ್ತು, ಹೇಳ್ದೆ."

ಅಪ್ಪ, ತಾತ ಯಾರಿಗೂ ಹೇಳದೆ ಹೋದ, ಅಣ್ಣ ಆಸ್ಪತ್ರೆ ಸೇರಿದ ಮೇಲಷ್ಟೇ ಹೇಳಿದ ಮಾತನ್ನು ಈ ಹುಡುಗಿ ನಡುಬೀದಿಯಲ್ಲಿ ನಿಂತು ಹೇಳಿದ್ದಳು. ನಪಾಸುವಿಗೆ ಹೆದರಿಕೆಯಾಯಿತು, ಹೆಮ್ಮೆಯೂ ಆಯಿತು, ಯಾವುದು ಎಷ್ಟೆಂದು ಗೊತ್ತಾಗಲಿಲ್ಲ. ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ವಾರ್ನಿಶ್ ಅಂಟಿ ಒರಟಾಗಿದ್ದ ಕೈ, ಅವನದರ ಹಾಗೇ.

"ಹೇಳಿದ್ಯಲ್ಲ, ಒಳ್ಳೇದಾಯ್ತು ಕಂದ" ಎಂದ. "ಅನ್ನಿಸ್ದಾಗೆಲ್ಲ ಹೇಳು. ನಾಳೆ ಬೆಳಗ್ಗೆ ಇಬ್ರೂ ಆ ಡಾಕ್ಟರಮ್ಮನ ಹತ್ರ ಹೋಗಿ ಬರೋಣ."

ಅಷ್ಟರಲ್ಲಿ ಹಿಂದೆ ಗೇಟು ಕಿರ್ರೆಂದಿತು. ಅತ್ತೆ. ಏದುಸಿರು ಬಿಡುತ್ತಾ, ಸೊಂಟಕ್ಕೆ ಕೈ ಕೊಟ್ಟು, ಬೀದಿಯ ನಡುವೆ ನಿಂತರು. "ಕೇಳಿಸ್ಕೊಳ್ಳಿ ಎಲ್ಲರೂ! ನಮ್ಮ ಹುಡುಗೀನೂ ನಪಾಸು! ಇವಳಿಗೆ ಯಾರೂ ಒಂದು ಹನಿ ಕೊಡಬೇಡಿ! ಕೇಳಿದ್ರೆ ನನ್ನ ಹತ್ರ ಬಂದು ಹೇಳಿ!"

ಸೈಕಲ್ ರಿಪೇರಿಯವನು ತಲೆ ಎತ್ತಿ ನೋಡಿದ. ಹಾಲಿನ ಅಂಗಡಿಯವಳು ನೋಡಿದಳು. ಮಗಳ ಮುಖ ಕೆಂಪೇರಿತು, ನಾಚಿಕೆಯಿಂದ. ಇಪ್ಪತ್ತನಾಲ್ಕು ವರ್ಷದ ಹಿಂದೆ ಇದೇ ಕೂಗು ಕೇಳಿ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎಂದುಕೊಂಡವನು ಈಗ ತಿರುಗಿ ನಿಂತು, ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದ.

"ಅತ್ತೇ, ಆ ತುದಿ ಅಂಗಡಿಯವರಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಜೋರಾಗಿ ಕೂಗಿ."